ಗೇರ್ ಬೀಳ್ತದ, ಗಾಡಿ ಹೋಗವಲ್ದು: ಕ್ಲಚ್ಚೋ, ಆ್ಯಕ್ಸಲ್ಲೋ?

ಗೇರ್ ಬೀಳ್ತದ, ಎಂಜಿನ್ ಒದರ್ತದ, ಗಾಡಿ ಮಾತ್ರ ನಿಂತಲ್ಲೇ. ಇಷ್ಟು ನೋಡಿ ಕ್ಲಚ್ ಪ್ಲೇಟ್ ಹೋಯ್ತಂತ ಗೇರ್‌ಬಾಕ್ಸ್ ಇಳಿಸಬ್ಯಾಡ್ರಿ. ಮುಂದಿನ ಗಾಲಿ ಎಳಿಯೋ ಗಾಡಿಗೆ ಬ್ಯಾರೆ ಗೇರ್‌ಬಾಕ್ಸ್ ಕೂಡಿಸಿದಾಗ ಒಂದು ಆ್ಯಕ್ಸಲ್ (ಗೇರ್‌ಬಾಕ್ಸಿನಿಂದ ಗಾಲಿಗೆ ಹೋಗೋ ಶಾಫ್ಟ್) ಪೂರ್ತಿ ಒಳಗ ಕೂಡದೆ ಸರಿದ್ರೂ ಇದೇ ಲಕ್ಷಣ. ಎರಡೂ ಗಾಲಿಗೆ ಬಲ ಹಂಚೋ ಡಿಫರೆನ್ಶಿಯಲ್ ಆ ಖಾಲಿ ಕಡೀನೇ ತಿರುಗಿಸ್ತದ, ಇನ್ನೊಂದು ಗಾಲಿ ಅಲುಗಾಡಂಗಿಲ್ಲ.

ಪರೀಕ್ಷೆ ಹಿಂಗ ಮಾಡ್ರಿ. ಎಂಜಿನ್ ಬಂದ್. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡ್ರಿ. ಮುಂದಿನ ಒಂದೇ ಗಾಲಿ ಎತ್ತಿ ಸ್ಟ್ಯಾಂಡ್ ಕೊಡ್ರಿ. ಕಲಬುರಗಿ ಕಡೆ ಅಂಗಳಕ್ಕ ಶಹಾಬಾದ್ ಫರಸಿ ಇರ್ತದ, ಸ್ಟ್ಯಾಂಡಿನ ಕಾಲು ಒತ್ತಿದ್ರ ಸೀಳ್ತದ, ಕೆಳಗ ದಪ್ಪ ಕಟ್ಟಿಗಿ ಹಲಿಗಿ ಇಡ್ರಿ. ಫಸ್ಟ್ ಗೇರ್ ಹಾಕಿ ಎತ್ತಿದ ಗಾಲಿ ಕೈಲೆ ತಿರುಗಿಸ್ರಿ. ಪೆಡಲ್ ಬಿಟ್ಟಾಗ ಬಿಗಿ, ಒಬ್ಬರು ತುಳಿದಾಗ ಸಡಿಲ, ಹಂಗಿದ್ರ ಆ್ಯಕ್ಸಲ್ ಕೂಡೇದ, ಕ್ಲಚ್ಚೂ ಬಿಡ್ತದ. ತುಳಿದ್ರೂ ಬಿಗಿ ಇದ್ರ ಕ್ಲಚ್ ಬಿಡವಲ್ದು. ತುಳಿಯದೇನೇ ಸರಾಗ ತಿರುಗಿದ್ರ ಮೊದಲು ಆ್ಯಕ್ಸಲ್ ನೋಡ್ರಿ. ಎರಡೂ ಗಾಲಿ ಎತ್ತಿ ಈ ಪರೀಕ್ಷೆ ಮಾಡಬ್ಯಾಡ್ರಿ, ಒಂದು ಮುಂದ, ಒಂದು ಹಿಂದ ತಿರುಗಿ ದಿಕ್ಕು ತಪ್ಪಿಸ್ತದ.

ಕ್ಲಚ್ ಬಿಡವಲ್ದು ಅಂದ್ರ, ಆಯಿಲ್ ಒತ್ತಡದಿಂದ ನಡಿಯೋ ಕ್ಲಚ್ಚಿನ್ಯಾಗ ಪೆಡಲೇ ಅರ್ಧ ಹೇಳ್ತದ. ಎರಡು ಮೂರು ಸಲ ಪಂಪ್ ಮಾಡಿದಾಗ ಗಟ್ಟಿ ಆದ್ರ ಪೈಪಿನ್ಯಾಗ ಗಾಳಿ. ಒತ್ತಿ ಹಿಡಿದಾಗ ನಿಧಾನಕ್ಕ ಕೆಳಗ ಇಳೀತದ, ಎಲ್ಲೂ ಹಸಿ ಇಲ್ಲ ಅಂದ್ರ ಮಾಸ್ಟರ್ ಸಿಲಿಂಡರಿನ (ಪೆಡಲ್ ಕಡೀದು, ಆಯಿಲ್ ಒತ್ತೋದು) ಒಳಗಿನ ರಬ್ಬರ್ ಕಪ್ ತೇದದ. ಆಯಿಲ್ ಕಮ್ಮಿ ಆಗಿ ಸ್ಲೇವ್ ಸಿಲಿಂಡರಿನ (ಗೇರ್‌ಬಾಕ್ಸ್ ಕಡೀದು, ಕ್ಲಚ್ ಫೋರ್ಕ್ ನೂಕೋದು) ರಬ್ಬರ್ ಬೂಟ್ ಹಸಿ ಇದ್ರ ಅಲ್ಲೇ ಸೋರಿಕೆ. ಒಬ್ಬರು ತುಳಿಯಲಿ, ಇನ್ನೊಬ್ಬರು ಹೋಸ್ ಹಿಡೀರಿ. ಅದು ಕೈಗೆ ಉಬ್ಬಿದ್ಹಂಗ ಆದ್ರ ಬದಲಿಸ್ರಿ.

ಬ್ಯಾರೆ ಬ್ಯಾರೆ ಗಾಡಿ ಭಾಗ ಕೂಡಿಸಿ ಕಟ್ಟಿದ ಪ್ರಾಜೆಕ್ಟ್ ಗಾಡ್ಯಾಗ ಹೆಚ್ಚಿಗಿ ಸಿಗೋದು ಮಾತ್ರ ಅಳತಿ ತಪ್ಪು. ಒಳವ್ಯಾಸ ಮಾಸ್ಟರಿಗೆ 15.87 ಎಂಎಂ, ಸ್ಲೇವಿಗೆ 19.05 ಎಂಎಂ ಇದ್ದು, ಮಾಸ್ಟರ್ ಪಿಸ್ಟನ್ 30 ಎಂಎಂ ಸರಿದ್ರ ಸ್ಲೇವ್ ಸುಮಾರು 21 ಎಂಎಂ ಸರೀತದ. ಅದೇ ಮಾಸ್ಟರಿಗೆ 22.2 ಎಂಎಂ ಸ್ಲೇವ್ ಹಾಕಿದ್ರ ಬರೇ 15 ಎಂಎಂ. ಪೆಡಲ್ ಹಗುರ ಆಗ್ತದ, ಆದ್ರ ಫೋರ್ಕ್ ಸಾಕಷ್ಟು ಸರಿಯಂಗಿಲ್ಲ, ರಿವರ್ಸ್ ಹಾಕುವಾಗ ಗರಗರ ಅಂತದ. ಎಷ್ಟು ಬ್ಲೀಡ್ ಮಾಡಿದ್ರೂ (ಪೈಪಿನ ಗಾಳಿ ತಗದ್ರೂ) ಇದು ಹೋಗಂಗಿಲ್ಲ. ಫೋರ್ಕ್ ಎಷ್ಟು ಸರೀತದ ಅಂತ ಪಟ್ಟಿ ಹಿಡಿದು ಅಳೀರಿ.

ಪೆಡಲಿನ ಪುಶ್‌ರಾಡಿಗೂ ಮಾಸ್ಟರ್ ಪಿಸ್ಟನ್ನಿಗೂ ನಡುವ ಸುಮಾರು 1 ಎಂಎಂ ಸಂದು ಬಿಡ್ರಿ. ಸಂದು ಇಲ್ಲಂದ್ರ ಬಿಸಿಗೆ ಉಬ್ಬಿದ ಆಯಿಲ್ ಡಬ್ಬಿಗೆ ವಾಪಸ್ ಹೋಗೋ ತೂತು ಮುಚ್ಚಿ, ಕ್ಲಚ್ ತಾನೇ ಅರ್ಧ ಒತ್ತಿಕೊಂಡು ಸ್ಲಿಪ್ ಆಗ್ತದ. ನಮ್ಮ ಮೇ ತಿಂಗಳಿನ ಬಿಸಲಿಗೆ, ಟ್ರಾಫಿಕ್ಕಿನ್ಯಾಗ ನಿಂತ ಎಂಜಿನ್ ಕಾವು ಸೇರಿದ್ರ ಇದು ಬೇಗ ಗೊತ್ತಾಗ್ತದ.

ಬ್ಲೀಡ್ ಮಾಡುವಾಗ ಗಾಳಿ ಬಿಡೋ ನಿಪ್ಪಲ್ ಸ್ಲೇವಿನ ಎಲ್ಲಕ್ಕಿಂತ ಮ್ಯಾಲ ಇರಬೇಕು. ಕೂಡಿಸಿದಲ್ಲೇ ಅದು ಕೆಳಗ ಬಂದಿದ್ರ ಸ್ಲೇವ್ ಬಿಚ್ಚಿ, ಪಿಸ್ಟನ್ ಹೊರಗ ಜಿಗೀದಂಗ ಒತ್ತಿ ಹಿಡಿದು, ನಿಪ್ಪಲ್ ಮ್ಯಾಲ ಮಾಡ್ರಿ. ತುಳಿದು ಹಿಡಿ, ನಿಪ್ಪಲ್ ಬಿಚ್ಚು, ಮುಚ್ಚು, ಆಮೇಲೇ ಪೆಡಲ್ ಬಿಡು. ಗಾಡಿ ಕೇಳಿದ ಡಾಟ್ 3 ಇಲ್ಲ ಡಾಟ್ 4 ಬ್ರೇಕ್ ಆಯಿಲ್ ಹಾಕ್ರಿ, ಡಾಟ್ 5 ಕೂಡಿಸಬ್ಯಾಡ್ರಿ, ಅದು ಸಿಲಿಕೋನ್. ಬಣ್ಣದ ಮ್ಯಾಲ ಚೆಲ್ಲಿದ್ರ ತಕ್ಷಣ ನೀರು ಹಾಕಿ ತೊಳೀರಿ.

ಇನ್ನ ಆ್ಯಕ್ಸಲ್. ಶಾಫ್ಟಿನ ತುದಿಯ ಸ್ಪ್ಲೈನ್ ಹಲ್ಲು ಎಣಿಸಿ, ದಪ್ಪ ಅಳದು ಹಳೇದರ ಜೊತಿ ತಾಳೆ ನೋಡ್ರಿ. ಬಹಳ ಗಾಡ್ಯಾಗ ಎಡ ಬಲ ಉದ್ದ ಬ್ಯಾರೆ ಇರ್ತಾವ. ತುದಿಗೆ ಹೊಸ ಸರ್ಕ್ಲಿಪ್ (ಶಾಫ್ಟ್ ಹಿಡಿಯೋ ಉಂಗುರ), ಸೀಲಿನ ತುಟಿಗೆ ಒಂದಿಷ್ಟು ಆಯಿಲ್. ಟಕ್ ಅನ್ನೋ ತನಕ ನೇರ ಒತ್ರಿ, ಆಮ್ಯಾಲ ಕೂತದೋ ಇಲ್ಲೋ ಅಂತ ಒಳಗಿನ ಜಾಯಿಂಟಿನ ಬಟ್ಟಲ ಹಿಡಿದು ಜಗ್ಗಿ ನೋಡ್ರಿ. ಶಾಫ್ಟ್ ಹಿಡಿದು ಜಗ್ಗಿದ್ರ ಜಾಯಿಂಟೇ ಬಿಚ್ಕೊಳ್ತದ.

ಉದ್ದ ಜಾಸ್ತಿ ಇದ್ರ ಸಸ್ಪೆನ್ಷನ್ ಒತ್ತಿದಾಗ ಶಾಫ್ಟ್ ಒಳಗ ಗುದ್ದಿ ಬೇರಿಂಗಿಗೆ ಹೊರೆ ಬೀಳ್ತದ. ಕಮ್ಮಿ ಇದ್ರ ಗಾಲಿ ಇಳಿಬಿದ್ದಾಗ ಜಾಯಿಂಟ್ ಕಳಚ್ತದ. ಗಾಡಿ ನಾಲ್ಕೂ ಗಾಲಿ ಮ್ಯಾಲ ನಿಂತಾಗ ಒಳಗೂ ಹೊರಗೂ ಆಟ ಉಳಿದದೇನು ಅಂತ ಅಳದು ನೋಡ್ರಿ. ಹಬ್ಬಿನ ನಟ್ ಮಾತ್ರ ಪೂರ್ತಿ ಟಾರ್ಕ್ ಆಗೋದಕ್ಕಿಂತ ಮೊದಲು ಗಾಡಿ ಭಾರ ಗಾಲಿ ಮ್ಯಾಲ ಬಿಡಬ್ಯಾಡ್ರಿ, ಬೇರಿಂಗ್ ಹಾಳಾಗ್ತದ. ಗಾಲಿ ಎತ್ತಿದಲ್ಲೇ ಒಬ್ಬರು ಬ್ರೇಕ್ ತುಳಿಯಲಿ, ನಿಮ್ಮ ಗಾಡಿ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಹೊಸ ನಟ್ ಬಿಗದು, ಅಂಚು ಬಡಿಯೋ ಥರದ ನಟ್ ಇದ್ರ ಅದರ ಅಂಚು ಶಾಫ್ಟಿನ ಕಚ್ಚಿನ್ಯಾಗ ಬಡದು ಕೂಡಿಸ್ರಿ.