ಡಾ. ಬಿಧಾನ್ ಚಂದ್ರ ರಾಯ್ ಮತ್ತು ಬಂಗಾಳದ ಬೇಸಾಯಗಾರ

ಹಿರಿಯರೇ, ವೈದ್ಯ ಮಿತ್ರರೇ,

ಜುಲೈ 1, ವೈದ್ಯರ ದಿನ ಬಂತೆಂದರೆ ನಮ್ಮ ಬೆಂಗಳೂರಿನ ಆಸ್ಪತ್ರೆಗಳಲ್ಲಿ ವೈದ್ಯರಿಗೆ ಹೂಗುಚ್ಛ ಕೊಟ್ಟು ಸನ್ಮಾನಿಸುತ್ತಾರೆ. ಅದು ಡಾ. ಬಿಧಾನ್ ಚಂದ್ರ ರಾಯ್ ಅವರು ಹುಟ್ಟಿದ ದಿನ, ತೀರಿಕೊಂಡ ದಿನವೂ ಹೌದು. ಆದರೆ ಅವರು ಹದಿನಾಲ್ಕು ವರ್ಷ ಆಳಿದ ಪಶ್ಚಿಮ ಬಂಗಾಳದಲ್ಲಿ ಉಳುವವನ ಪಾಡೇನಾಯಿತು ಎಂಬ ಪ್ರಶ್ನೆ ಆ ಸಮಾರಂಭಗಳಲ್ಲಿ ಏಳುವುದಿಲ್ಲ.

1882ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ರಾಯ್, ಕಲ್ಕತ್ತೆಯಲ್ಲಿ ವೈದ್ಯಶಾಸ್ತ್ರ ಓದಿ, ಲಂಡನ್ನಿನಲ್ಲಿ ವೈದ್ಯರ ಎಂಆರ್‌ಸಿಪಿ, ಶಸ್ತ್ರವೈದ್ಯರ ಎಫ್‌ಆರ್‌ಸಿಎಸ್ ಎಂಬ ಉನ್ನತ ಅರ್ಹತೆಗಳೆರಡನ್ನೂ ಪಡೆದು 1911ರಲ್ಲಿ ಮರಳಿದರು. 1923ರ ಚುನಾವಣೆಯಲ್ಲಿ ಬ್ಯಾರಕ್‌ಪುರದಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರಂಥ ಘಟಾನುಘಟಿಯನ್ನೇ ಸೋಲಿಸಿದರು. 1948ರ ಜನವರಿಯಲ್ಲಿ ಮುಖ್ಯಮಂತ್ರಿಯಾದ ಮೇಲೂ ಬೆಳಗಿನ ಹೊತ್ತು ಬಡ ರೋಗಿಗಳನ್ನು ಉಚಿತವಾಗಿ ನೋಡುವುದನ್ನು ಅವರು ಬಿಡಲಿಲ್ಲ.

ಅವರ ಕೈಗೆ ಬಂದ ನಾಡು ಮಾತ್ರ 1943ರ ಕ್ಷಾಮದಿಂದ ಇನ್ನೂ ಚೇತರಿಸಿಕೊಳ್ಳದೆ, ವಿಭಜನೆಯ ನಿರಾಶ್ರಿತರಿಂದ ತುಂಬಿತ್ತು. ಹಳೇ ಮೈಸೂರಿನಲ್ಲಿ ನಾವು ‘ವಾರಕ್ಕೆ ಮಾಡುವುದು’ ಎನ್ನುತ್ತೇವಲ್ಲ, ಇನ್ನೊಬ್ಬರ ಹೊಲ ಉತ್ತು ಬೆಳೆಯನ್ನು ಮಾಲೀಕನೊಡನೆ ಹಂಚಿಕೊಳ್ಳುವುದು, ಅದನ್ನೇ ಅಲ್ಲಿ ಮಾಡುವವನು ಬರ್ಗಾದಾರ. ಬೆಳೆಯಲ್ಲಿ ಅರ್ಧದ ಬದಲು ಮೂರರಲ್ಲಿ ಎರಡು ಪಾಲು ಬೇಕೆಂದು ಈ ಬರ್ಗಾದಾರರು 1946ರಲ್ಲಿ ನಡೆಸಿದ ತೇಭಾಗಾ ಹೋರಾಟದ ಕಾವು ಆಗಿನ್ನೂ ಆರಿರಲಿಲ್ಲ. ರಾಯ್ ಸರ್ಕಾರ 1953ರಲ್ಲಿ ಜಮೀನ್ದಾರಿಯನ್ನು ರದ್ದುಮಾಡಿ, ಒಬ್ಬ ವ್ಯಕ್ತಿಗೆ 25 ಎಕರೆ ಸಾಗುವಳಿ ಭೂಮಿ ಎಂದು ಮಿತಿ ಹಾಕಿತು. ‘ಒಬ್ಬ ವ್ಯಕ್ತಿಗೆ’ ಎಂಬ ಆ ಎರಡು ಪದಗಳಲ್ಲೇ ಕಾನೂನು ಸೋರಿಹೋಯಿತು: ಮಗ, ಸೊಸೆ, ಭಾವಮೈದುನರ ಹೆಸರಿಗೆ ಜಮೀನು ಹಂಚಿಹೋಯಿತು. ಮೀನು ಸಾಕುವ ಕೆರೆಗಳಿಗೆ ಮಿತಿಯಿಂದ ವಿನಾಯಿತಿ ಇದ್ದುದರಿಂದ, ಕರಾವಳಿಯ ಕಡೆ ಭತ್ತದ ಗದ್ದೆಗೆ ಉಪ್ಪುನೀರು ನುಗ್ಗಿಸಿ ಅದನ್ನು ‘ಕೆರೆ’ ಮಾಡಿದವರೂ ಇದ್ದರು. 1955ರ ಭೂಸುಧಾರಣಾ ಕಾಯ್ದೆ, ಮಾಲೀಕ ಎತ್ತು, ಬೀಜ, ಗೊಬ್ಬರ ಕೊಟ್ಟರೆ ಅರ್ಧರ್ಧ, ಕೊಡದಿದ್ದರೆ ಉಳುವವನಿಗೆ ನೂರಕ್ಕೆ 60 ಎಂದಿತು. ಕೇಳಲು ಚೆನ್ನಾಗಿಯೇ ಇದೆ. ಆದರೆ ಕೈಯಲ್ಲಿ ರಸೀದಿಯಿಲ್ಲದ, ಪಹಣಿಯಲ್ಲಿ ಹೆಸರಿಲ್ಲದ ಮನುಷ್ಯ ಆ 60ನ್ನು ಯಾರ ಮುಂದೆ ಕೇಳಬೇಕು?

ರಾಯ್ ಅವರ ಮನಸ್ಸಿದ್ದದ್ದು ಬೇರೆ ಕಡೆ ಎಂದು ನನ್ನ ಅನಿಸಿಕೆ. ಮಯೂರಾಕ್ಷಿ ನದಿಯ ನಾಲೆಗಳು, ದುರ್ಗಾಪುರದ ಕಾರ್ಖಾನೆಗಳು, ಕಲ್ಯಾಣಿ ನಗರ, ಇವುಗಳಿಗೆ ಅವರು ಪಟ್ಟ ಪಾಡು ದೊಡ್ಡದು. ಹಳ್ಳಿಗೆ ನೀರು ಕೊಟ್ಟು, ಹೆಚ್ಚಾದ ಜನಕ್ಕೆ ಪಟ್ಟಣದಲ್ಲಿ ಕೆಲಸ ಕೊಟ್ಟರೆ ನೆಲದ ಜಗಳ ತಾನಾಗಿ ತಣ್ಣಗಾಗುತ್ತದೆಂದು ಅವರು ನಂಬಿದ್ದಂತೆ ಕಾಣುತ್ತದೆ. ಆ ನಂಬಿಕೆ ಫಲ ಕೊಡುವ ಮೊದಲೇ, 1959ರ ಆಗಸ್ಟ್ 31ರಂದು ಅಕ್ಕಿ ಕೇಳಿಕೊಂಡು ಹಳ್ಳಿಗಳಿಂದ ಕಲ್ಕತ್ತೆಗೆ ಬಂದ ಜನರ ಮೇಲೆ ಪೊಲೀಸರ ಲಾಠಿ ಬಿತ್ತು, ಹಲವರು ಸತ್ತರು. ಆಹಾರದ ಕೊರತೆಯಿಂದ ದೇಹಕ್ಕೆ ಏನಾಗುತ್ತದೆಂದು ಸಂಪುಟದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ ಆಗಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ನಮ್ಮಲ್ಲಿ 1974ರ ತಿದ್ದುಪಡಿಯ ನಂತರ ಗೇಣಿದಾರರು ಉಳುವ ಭೂಮಿಯ ಒಡೆತನ ಕೇಳುವ ಅರ್ಜಿ, ಫಾರಂ 7 ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತರು. ಬಂಗಾಳದಲ್ಲಿ ಉಳುವವನ ಹೆಸರನ್ನು ದಾಖಲೆಗೆ ಸೇರಿಸುವ ಕೆಲಸವಾದರೂ ಭರದಿಂದ ನಡೆದದ್ದು ರಾಯ್ ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ, 1978ರಲ್ಲಿ. ಅಂದು ಅಧಿಕಾರಿಗಳು ಕಚೇರಿ ಬಿಟ್ಟು ಹಳ್ಳಿಗೇ ಹೋಗಿ, ಜನರನ್ನು ಸೇರಿಸಿ, ಬರ್ಗಾದಾರರ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡರು.