ಬೆಳಗ್ಗೆ ಎಂಟೂವರೆಯ ಶಾಲೆ ಬೀದಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನ ಜಯನಗರ, ರಾಜಾಜಿನಗರ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಎಷ್ಟೋ ಪ್ರಾಥಮಿಕ ಶಾಲೆಗಳು ದೊಡ್ಡ ರಸ್ತೆಯಲ್ಲಿಲ್ಲ. ಮನೆಗಳ ನಡುವಿನ ಅಡ್ಡರಸ್ತೆಯಲ್ಲಿವೆ. ಎರಡೂ ಕಡೆ ಮನೆ, ಒಂದು ಹೊಂಗೆ ಮರ, ಅದರ ಪಕ್ಕದಲ್ಲೇ ಶಾಲೆಯ ಗೇಟು. ದಿನವಿಡೀ ತಣ್ಣಗಿರುವ ಈ ಬೀದಿ ಬೆಳಗ್ಗೆ ಎಂಟೂವರೆ ಹೊತ್ತಿಗೆ, ಮಕ್ಕಳನ್ನು ಬಿಡಲು ಬರುವ ಗಾಡಿಗಳಿಂದ, ಅರ್ಧ ಗಂಟೆ ಸಂತೆಯಾಗಿಬಿಡುತ್ತದೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರೂ ಇದನ್ನು ಕೇಳಿ ತಲೆ ಆಡಿಸುತ್ತಿರಬಹುದು.

ಸ್ವಲ್ಪ ಅಳತೆ ಹಾಕೋಣ. 30 ಅಡಿ ರಸ್ತೆ ಅಂದರೆ ಸುಮಾರು 9 ಮೀಟರ್. ಸಾಧಾರಣ ಕಾರಿನ ಅಗಲ 1.7 ಮೀಟರ್ ಇರುತ್ತದೆ. ಎರಡೂ ಬದಿಗೆ ಒಂದೊಂದು ಕಾರು ನಿಂತರೆ ಮೂರೂವರೆ ಮೀಟರ್ ಹೋಯಿತು. ಚರಂಡಿ ಕಲ್ಲು, ಕರೆಂಟ್ ಕಂಬ, ಮನೆಯವರು ಗೇಟಿನ ಮುಂದೆ ಕಟ್ಟಿಕೊಂಡ ಇಳಿಜಾರು, ಇವುಗಳಿಗೆ ಇನ್ನೊಂದೆರಡು ಮೀಟರ್. ಉಳಿದಿದ್ದು ಮೂರೂವರೆ. ಅಷ್ಟರಲ್ಲೇ ಹಳದಿ ವ್ಯಾನು ಹೋಗಬೇಕು, ಎದುರಿನಿಂದ ಆಟೋ ಬರಬೇಕು, ಮಕ್ಕಳು ನಡೆಯಬೇಕು. ಆಗ ಒಬ್ಬರು ಬಂದು, ನಿಂತ ಕಾರಿನ ಪಕ್ಕದಲ್ಲೇ ತಮ್ಮ ಕಾರು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಮಿಣುಕಿಸಿ, "ಎರಡೇ ನಿಮಿಷ" ಅಂತ ಇಳಿದು ಹೋಗುತ್ತಾರೆ. ನಾಲ್ಕೂ ಇಂಡಿಕೇಟರ್ ಹಾಕಿದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂತ ಅದ್ಯಾರು ಹೇಳಿಕೊಟ್ಟರೋ!

ಆ ಎರಡು ನಿಮಿಷ ಸುಮ್ನೆ ಹೋಗುವುದಿಲ್ಲ. ಗೇಟಿನ ಹತ್ತಿರ ನಾಲ್ಕು ಕಾರು ನಿಲ್ಲುವಷ್ಟು ಜಾಗ ಇದೆ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರೂ ಅರ್ಧ ನಿಮಿಷದಲ್ಲಿ ಮಗುವನ್ನು ಇಳಿಸಿ ಹೊರಟರೆ, ಕಾಲು ಗಂಟೆಯಲ್ಲಿ 120 ಕಾರುಗಳು ಬಂದು ಹೋಗಬಹುದು. ಒಬ್ಬೊಬ್ಬರೂ ಮೂರು ನಿಮಿಷ ನಿಂತರೆ? ಬರೀ 20. ಬಾಕಿಯವರೆಲ್ಲ ಹಿಂದೆ ಹಾರ್ನ್ ಹೊಡೆಯುತ್ತಾ ಕೂರಬೇಕು. ಅಂದರೆ ಕೆಲವರು ನಿಂತುಬಿಡುವುದು ರಸ್ತೆ ಕಿರಿದಾಗಿರುವುದಕ್ಕಿಂತ ಜಾಸ್ತಿ ತೊಂದರೆ ಕೊಡುತ್ತದೆ.

ಸರಿ, ಹೊತ್ತಾದರೆ ಆಗಲಿ, ಕಾಯಬಹುದು. ನನಗೆ ಭಯ ಇರುವುದು ಇನ್ನೊಂದು ವಿಷಯಕ್ಕೆ. ಆರು ವರ್ಷದ ಮಗು ಸುಮಾರು 115 ಸೆಂಟಿಮೀಟರ್ ಎತ್ತರ ಇರುತ್ತದೆ. ಈಗ ಬರುತ್ತಿರುವ ಎಸ್‌ಯುವಿಗಳ ಬಾನೆಟ್ಟು ಒಂದು ಮೀಟರಿನ ಆಸುಪಾಸು. ಗಾಡಿಯ ಮುಂದೆಯೇ ಹಾದು ಹೋಗುವ ಮಗು ಸ್ಟಿಯರಿಂಗ್ ಹಿಂದೆ ಕೂತವರಿಗೆ ಕಾಣದೆ ಹೋಗಬಹುದು. ಮಗುವಿಗೂ ಅಷ್ಟೇ, ಗಾಡಿಗಳಾಚೆಗಿನ ರಸ್ತೆ ಕಾಣುವುದಿಲ್ಲ. ಎಡಕ್ಕೆ ನೋಡು, ಬಲಕ್ಕೆ ನೋಡು, ಆಮೇಲೆ ದಾಟು ಅಂತ ನಾವು ಹೇಳಿಕೊಟ್ಟಿರುತ್ತೇವೆ. ಆದರೆ ಸಾಲಾಗಿ ನಿಂತ ಎರಡು ಕಾರುಗಳ ಮಧ್ಯದಿಂದ ಇಣುಕಿ ನೋಡುವುದಕ್ಕೇ ಅದು ರಸ್ತೆಗೆ ಕಾಲಿಡಬೇಕು. ನೋಡುವಷ್ಟರಲ್ಲಿ ಸ್ಕೂಟರ್ ಬಂದಾಗಿರುತ್ತದೆ. ಬರುವ ಗಾಡಿಯ ವೇಗ ಎಷ್ಟು, ಅದು ಎಷ್ಟು ದೂರದಲ್ಲಿದೆ ಅಂತ ಅಳೆಯುವುದು ಆ ವಯಸ್ಸಿಗೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಇದಕ್ಕೆ ಮಗುವನ್ನು ಬೈದು ಏನೂ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ರಿವರ್ಸ್. ಗೇಟಿನ ಮುಂದೆ ಜಾಗ ಸಿಕ್ಕಲಿಲ್ಲ ಅಂತ ಹಿಂದಕ್ಕೆ ತೆಗೆಯುವುದು, ಅಲ್ಲೇ ಮುಂದೆ ಹಿಂದೆ ಮಾಡಿ ಗಾಡಿ ತಿರುಗಿಸುವುದು. ಕ್ಯಾಮೆರಾ ಇದೆಯಲ್ಲ ಅನ್ನುತ್ತಾರೆ. ಪರದೆಯಲ್ಲಿ ಕಾಣುವುದು ಹಿಂದೆ ಇರುವುದು. ಪಕ್ಕದಿಂದ ಓಡಿ ಬರುವ ಮಗು ಕಾಣುವ ಹೊತ್ತಿಗೆ ತಡವಾಗಿರಬಹುದು. ಮುಂದಿನ ಅಡ್ಡರಸ್ತೆ ತನಕ ಹೋಗಿ, ಒಂದು ಸುತ್ತು ಹಾಕಿ ಬಂದರೆ ಆಯಿತಲ್ಲ?

ಕಾನೂನಿನಲ್ಲೂ ಇದು ನಿನ್ನೆ ಮೊನ್ನೆ ಬಂದ ಮಾತಲ್ಲ. ಗಾಡಿ ಎಲ್ಲೆಲ್ಲಿ ನಿಲ್ಲಿಸಬಾರದು ಅಂತ 1989ರ ರಸ್ತೆ ನಿಯಮಗಳಲ್ಲೇ ಬರೆದಿದ್ದರು. ಫುಟ್‌ಪಾತಿನ ಮೇಲೆ, ತಿರುವಿನಲ್ಲಿ, ಜನ ದಾಟುವ ಜಾಗದ ಹತ್ತಿರ, ನಿಂತ ಗಾಡಿಯ ಪಕ್ಕದಲ್ಲಿ. ಶಾಲೆ, ಆಸ್ಪತ್ರೆಗಳ ಬಾಗಿಲೂ ಅದೇ ಪಟ್ಟಿಯಲ್ಲಿತ್ತು. ನಾವು ಮಾತ್ರ "ಇಲ್ಲಿ ಬೋರ್ಡ್ ಎಲ್ಲಿದೆ ಸಾರ್?" ಅಂತ ಕೇಳುತ್ತೇವೆ.

ಹಾಗಾದರೆ ಎಲ್ಲಿ ನಿಲ್ಲಿಸುವುದು? ಶಾಲೆಯ ಬೀದಿಯಲ್ಲಿ ಬೇಡವೇ ಬೇಡ. ಒಂದು ಅಡ್ಡರಸ್ತೆ ಹಿಂದೆ, ಯಾರ ಮನೆಯ ಗೇಟಿಗೂ ಅಡ್ಡವಾಗದ ಹಾಗೆ ನಿಲ್ಲಿಸಿ. ಅಲ್ಲಿಂದ ಮಗುವಿನ ಕೈ ಹಿಡಿದು ನಡೆಯಿರಿ. ನೂರು ಮೀಟರ್ ನಡೆಯಲು ಪುಟ್ಟ ಕಾಲಿಗೂ ಎರಡು ನಿಮಿಷ ಸಾಕು. ಮನೆಯವರ ಗೇಟಿನ ಮಾತು ಬಂತು. ಆ ಬೀದಿಗಳಲ್ಲಿ "ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಅಂತ ಬೋರ್ಡು ನೋಡಿರುತ್ತೀರಿ. ನಾವು ನಗುತ್ತೇವೆ. ಆದರೆ ಆ ಮನೆಯಲ್ಲಿ ಡಯಾಲಿಸಿಸ್‌ಗೆ ಹೊರಟ ಅಜ್ಜ ಇರಬಹುದು. ಎರಡು ನಿಮಿಷ ಅಂತ ಹೋದವರನ್ನು ಅವರು ಎಲ್ಲಿ ಹುಡುಕಬೇಕು?

ಕಾರಿನಲ್ಲಿ ಮಗುವನ್ನು ಹಿಂದಿನ ಎಡ ಸೀಟಿನಲ್ಲಿ ಕೂರಿಸಿ. ನಮ್ಮಲ್ಲಿ ಫುಟ್‌ಪಾತು ಇರುವುದು ಆ ಕಡೆಗೆ. ಬಲಗಡೆ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಬಿಡಿ. ಬ್ಯಾಗು, ಊಟದ ಡಬ್ಬಿ, ನೀರಿನ ಬಾಟಲಿ ಮಗುವಿನ ಕಾಲ ಬಳಿಯೇ ಇರಲಿ. ಡಿಕ್ಕಿಯಲ್ಲಿಟ್ಟರೆ ನೀವು ರಸ್ತೆಗೆ ಬೆನ್ನು ಹಾಕಿ ನಿಂತು ಹುಡುಕಬೇಕಾಗುತ್ತದೆ. ನಿಮ್ಮ ಬಾಗಿಲನ್ನು ಎಡಗೈಯಿಂದ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಎಡಗೈ ಚಾಚಿದರೆ ಮೈ ತಾನಾಗಿ ಬಲಕ್ಕೆ ತಿರುಗುತ್ತದೆ, ಹಿಂದಿನಿಂದ ಬರುವ ಸೈಕಲ್ಲು ಕಣ್ಣಿಗೆ ಬೀಳುತ್ತದೆ.

ಸ್ಕೂಟರಿನವರಿಗೆ ಒಂದು ಮಾತು, ಇದು ಬಹಳ ಮುಖ್ಯ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಬರುತ್ತೀರಿ. ಗೇಟು ಬಂತು, ಎಂಜಿನ್ ಓಡುತ್ತಲೇ ಇದೆ, ನೀವು ಬ್ಯಾಗಿಗೆ ಕೈ ಹಾಕುತ್ತೀರಿ. ಮಗು ಇಳಿಯುವಾಗ ಆಸರೆಗೆ ಹಿಡಿಯುವುದು ಯಾವುದನ್ನು? ಎದುರಿಗೇ ಇರುವ ಆಕ್ಸಿಲರೇಟರನ್ನು. ಗಾಡಿ ಮುಂದಕ್ಕೆ ನುಗ್ಗಿಬಿಡುತ್ತದೆ. ಬ್ಯಾಟರಿ ಸ್ಕೂಟರಾದರೆ ಎಂಜಿನ್ ಸದ್ದೂ ಇರುವುದಿಲ್ಲ, ಆನ್ ಇದೆ ಅನ್ನುವುದೇ ಮರೆತಿರುತ್ತದೆ. ಆದ್ದರಿಂದ ಮೊದಲು ಆಫ್ ಮಾಡಿ, ಆಮೇಲೆ ಮಗುವನ್ನು ಇಳಿಸಿ. ಎಡಗಡೆಗೇ ಇಳಿಸಿ. ಬೈಕುಗಳಲ್ಲಿ ಕಾದ ಸೈಲೆನ್ಸರ್ ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಇನ್ನು ಹೆಲ್ಮೆಟ್, ನಾಲ್ಕು ವರ್ಷ ದಾಟಿದ ಮಗುವಿಗೂ ಬೇಕು. ಅಪ್ಪನ ತಲೆಗೆ ಮಾತ್ರ ಹಾಕಿ ಮಗುವನ್ನು ಬರಿತಲೆಯಲ್ಲಿ ಕರೆತರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮಲ್ಲಿ ಶಾಲೆ ಶುರುವಾಗುವ ಹೊತ್ತಿಗೇ ಮುಂಗಾರು ಬರುತ್ತದೆ. ಮಳೆ ದಿನ ಎಲ್ಲರಿಗೂ ಗೇಟಿನೊಳಗೇ ಗಾಡಿ ತರುವ ಆಸೆ. ಗಾಜು ಮಬ್ಬಾಗಿರುತ್ತದೆ. ರೇನ್‌ಕೋಟಿನ ಟೋಪಿ ಮಗುವಿನ ಅಕ್ಕಪಕ್ಕದ ನೋಟವನ್ನೇ ಮುಚ್ಚಿರುತ್ತದೆ. ಮಳೆ ಬಂದ ದಿನವೇ ಇನ್ನೂ ಸ್ವಲ್ಪ ದೂರ ನಿಲ್ಲಿಸಬೇಕು, ಹತ್ತು ನಿಮಿಷ ಮುಂಚೆ ಹೊರಡಬೇಕು. ಕೇಳುವುದಕ್ಕೆ ಕಷ್ಟ ಅನಿಸುತ್ತದೆ, ಒಪ್ಪುತ್ತೇನೆ.

ನಡೆದು ಬರುವ ಮಕ್ಕಳ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅವರು ಯಾರಿಗೂ ಅಡ್ಡ ಬರುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ. ಫುಟ್‌ಪಾತಿನ ಮೇಲೆ ಬೈಕು ನಿಂತಿದ್ದರೆ ಸುಮ್ಮನೆ ರಸ್ತೆಗೆ ಇಳಿದು ಹೋಗುತ್ತಾರೆ. ಅಪಾಯ ತರುವವರು ಗಾಡಿಯಲ್ಲಿ ಬಂದವರು, ಅದನ್ನು ಹೊರುವವರು ನಡೆದು ಬಂದವರು. ಇದು ಯಾವ ನ್ಯಾಯ? ಎಷ್ಟೋ ಕಡೆ ಆಟೋ ಮಾಮಂದಿರು ನಮಗಿಂತ ವಾಸಿ. ಎಂಟು ಬ್ಯಾಗು ಇಳಿಸಿ, ಮಕ್ಕಳನ್ನು ಸಾಲಾಗಿ ಒಳಗೆ ಬಿಟ್ಟು, ಗಾಡಿ ತೆಗೆದುಕೊಂಡು ಹೊರಟೇಬಿಡುತ್ತಾರೆ. ಅವರಿಗೆ ಮುಂದಿನ ಟ್ರಿಪ್ಪಿನ ಚಿಂತೆ, ನಮಗೆ ಗೇಟಿನಲ್ಲಿ ಹರಟೆ.

ಇಟಲಿಯ ಬೊಲ್ಜಾನೊ ಅನ್ನುವ ಊರಿನಲ್ಲಿ, ಅದೇ 1989ರಲ್ಲಿ, ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಮಾತ್ರ ಶಾಲೆಯ ಮುಂದಿನ ಬೀದಿಗೆ ಗಾಡಿ ಬರದಂತೆ ಮಾಡಿದರು. ಲಂಡನ್ನಿನಲ್ಲಿ ಈಗ ನೂರಾರು ಶಾಲೆಗಳ ಮುಂದೆ ಇದೇ ಪದ್ಧತಿ ಇದೆ. ಆ ಬೀದಿಯ ನಿವಾಸಿಗಳಿಗೆ, ನಡೆಯಲಾಗದ ಮಗುವನ್ನು ಕರೆತರುವವರಿಗೆ ವಿನಾಯಿತಿ ಇಟ್ಟುಕೊಂಡು ನಮ್ಮ ಅಡ್ಡರಸ್ತೆಗಳಲ್ಲೂ ಇದನ್ನು ಮಾಡಬಹುದು. ಬೀದಿಯ ಎರಡು ತುದಿಗೆ ಎರಡು ಬ್ಯಾರಿಕೇಡು, ಒಬ್ಬೊಬ್ಬ ವಾಚ್‌ಮನ್ ಇದ್ದರೆ ಸಾಕು. ಆದರೆ ಶಾಲೆಯವರು ತಾವಾಗಿಯೇ ರಸ್ತೆ ಮುಚ್ಚುವಂತಿಲ್ಲ. ಮುಖ್ಯೋಪಾಧ್ಯಾಯರ ಸಹಿ ಇರುವ ಪತ್ರವನ್ನು ಟ್ರಾಫಿಕ್ ಠಾಣೆಗೆ ಕೊಟ್ಟು ಕೇಳಬೇಕು. ಅದು ಆಗುವ ತನಕ ಒಂದನೇ, ಎರಡನೇ ತರಗತಿಗೆ ಹತ್ತು ನಿಮಿಷ ಮುಂಚೆ ಬೆಲ್ ಹೊಡೆದರೂ ನೂಕುನುಗ್ಗಲು ಅಷ್ಟು ಕಡಿಮೆ. ಮುಂದಿನ ಪೋಷಕರ ಸಭೆಯಲ್ಲಿ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ, ಇದನ್ನು ಎತ್ತಿ. ಬೀದಿಯ ನಿವಾಸಿಗಳನ್ನೂ ಒಂದಿಬ್ಬರನ್ನು ಕರೆಯಿರಿ. ಅವರ ದೂರು ಜಾಸ್ತಿ ಇರುತ್ತದೆ, ಮೊದಲು ಅದನ್ನೇ ಕೇಳಿಸಿಕೊಳ್ಳಿ.

ನಮಸ್ಕಾರ.