ಬೂಟು ಹೊಲಿಯೋವ್ರಿಗೆ ರಾಜಕೀಯ ಯಾಕೆ? ಥಾಮಸ್ ಹಾರ್ಡಿ ಕಥೆ

ನಮಸ್ಕಾರ ಎಲ್ರಿಗೂ. ಇವತ್ತು ಥಾಮಸ್ ಹಾರ್ಡಿ ಬಗ್ಗೆ, ಕಾದಂಬರಿಕಾರ ಹಾರ್ಡಿ ಬೇರೆ, ಇವ್ರು ಲಂಡನ್ನಲ್ಲಿ ಬೂಟು ಹೊಲಿದು ಬದುಕಿದವ್ರು. ಹುಟ್ಟಿದ್ದು 1752ರಲ್ಲಿ, ಸ್ಕಾಟ್‌ಲೆಂಡಿನ ಲಾರ್ಬರ್ಟ್‌ನಲ್ಲಿ. ಅಪ್ಪ ಹಡಗಿನ ಕೆಲ್ಸದವ್ರು, ಬೇಗ ತೀರ್ಕೊಂಡ್ರು, ಕಸುಬು ಕಲ್ಸಿದ್ದು ತಾಯಿಯ ಅಪ್ಪ. 1774ರಲ್ಲಿ ಲಂಡನ್ನಿಗೆ ಬಂದಾಗ ಜೇಬಲ್ಲಿದ್ದಿದ್ದು 18 ಪೆನ್ಸ್ ಅಷ್ಟೇ.

[ಸ್ಕ್ರೀನ್: ಹಳೇ ಇಂಗ್ಲೆಂಡ್ ಮ್ಯಾಪ್]

ಆಗಿನ ಪಾರ್ಲಿಮೆಂಟ್ ನೋಡಿ. ಮ್ಯಾಂಚೆಸ್ಟರ್‌ನಂಥಾ ಊರಿಗೆ ಒಬ್ಬ ಎಂಪಿನೂ ಇಲ್ಲ, ಜನಾನೇ ಇಲ್ಲದ ಓಲ್ಡ್ ಸೇರಮ್ ದಿಬ್ಬಕ್ಕೆ ಇಬ್ರು! ಇದು ಸರಿಯಿಲ್ಲ ಅಂತ 1792 ಜನವರಿ 25ರ ರಾತ್ರಿ ಕೆಲ್ಸ ಮುಗ್ಸಿ ಒಂಬತ್ತು ಜನ ಬೆಲ್ ಅನ್ನೋ ಪಬ್ಬಲ್ಲಿ ಸೇರಿ, ಬ್ರೆಡ್ಡು ಚೀಸು ತಿಂದು, ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿ ಅನ್ನೋ ಸುಧಾರಣೆ ಕೇಳೋ ಸಂಘ ಶುರು ಮಾಡಿದ್ರು. ವಾರಕ್ಕೆ ಒಂದು ಪೆನ್ನಿ ಚಂದಾ, ಹಾರ್ಡಿನೇ ಸೆಕ್ರೆಟರಿ. ಅಂಗಡಿಯವ್ರು, ಕೈಕೆಲ್ಸದವ್ರು ಆದ ನಮಗೆ ಪಾರ್ಲಿಮೆಂಟ್ ಸುಧಾರಣೆ ಕೇಳೋ ಹಕ್ಕಿದ್ಯಾ ಅಂತ ಐದು ರಾತ್ರಿ ಚರ್ಚೆ ಮಾಡಿದ್ರಂತೆ. ನಂಗೆ ಇಡೀ ಕಥೆಯಲ್ಲಿ ಮನಸ್ಸಿಗೆ ನಾಟಿದ್ದು ಈ ಐದು ರಾತ್ರಿನೇ, ಯಾಕಂದ್ರೆ ಹಕ್ಕು ಕೇಳೋಕ್ ಮುಂಚೆ ಅದು ತಮ್ದು ಅಂತ ತಾವೇ ನಂಬ್ಬೇಕಿತ್ತು. ಇದೆ ಅಂತಾನೇ ತೀರ್ಮಾನ ಆಯ್ತು. ಮೊದಲ್ನೇ ನಿಯಮ: ಸದಸ್ಯರ ಸಂಖ್ಯೆಗೆ ಮಿತಿ ಇಲ್ಲ. ಹಿಂದೆ ಗುಲಾಮರಾಗಿದ್ದ ಒಲೌಡಾ ಇಕ್ವಿಯಾನೋ ಕೂಡ ಸದಸ್ಯರಾದ್ರು, ಹಾರ್ಡಿ ಮನೇಲೇ ಉಳ್ಕೊಂಡಿದ್ರು.

ಫ್ರಾನ್ಸಲ್ಲಿ ಕ್ರಾಂತಿ ಆಗಿತ್ತಲ್ವಾ, ಇಲ್ಲೂ ಹಾಗೇ ಆಗತ್ತೇನೋ ಅಂತ ಸರ್ಕಾರಕ್ಕೆ ಭಯ. 1794 ಮೇ 12, ಬೆಳಗ್ಗೆ ಆರೂವರೆಗೆ ಅಧಿಕಾರಿಗಳು ಲಂಡನ್ನಿನ ಪಿಕಡಿಲಿಯಲ್ಲಿದ್ದ ಹಾರ್ಡಿ ಮನೆಗೆ ನುಗ್ಗಿದ್ರು. ಗರ್ಭಿಣಿ ಹೆಂಡ್ತಿ ಲಿಡಿಯಾ ಹಾಸಿಗೆ ಮೇಲೆ ಕೂತಿದ್ದ ಹಾಗೇನೇ ರೂಮೆಲ್ಲಾ ಜಾಲಾಡಿ, ಸಿಕ್ಕ ಕಾಗ್ದ ಪತ್ರನೆಲ್ಲಾ ನಾಲ್ಕು ದೊಡ್ಡ ರೇಷ್ಮೆ ಕರ್ಚೀಫಲ್ಲಿ, ಒಂದು ಕಾಳಿನ ಚೀಲದಲ್ಲಿ ಕಟ್ಕೊಂಡು ಹೋದ್ರು. ಕೇಸು ರಾಜದ್ರೋಹ, ಸಾಬೀತಾದ್ರೆ ಮರಣದಂಡನೆ.

ಹಾರ್ಡಿ ಜೈಲಲ್ಲಿರೋವಾಗ, ನೌಕಾಪಡೆ ಗೆಲುವಿನ ಸಂಭ್ರಮದಲ್ಲಿದ್ದ ಗುಂಪು ಮನೆಗೆ ಕಲ್ಲು ಹೊಡೀತು. ಲಿಡಿಯಾ ಹಿಂದಿನ ಚಿಕ್ಕ ಕಿಟಕಿಯಿಂದ ನುಸುಳಿ ತಪ್ಪಿಸ್ಕೊಂಡ್ರು, ಪೆಟ್ಟಾಯ್ತು. ಆಗಸ್ಟಲ್ಲಿ ಹೆರಿಗೆ ವೇಳೆ ತೀರ್ಕೊಂಡ್ರು, ಮಗೂನೂ ಉಳೀಲಿಲ್ಲ. ಗಂಡನಿಗೆ ಬರೀತಿದ್ದ ಕಾಗ್ದ ಅರ್ಧಕ್ಕೇ ನಿಂತೋಯ್ತು.

ನವೆಂಬರ್ 5ಕ್ಕೆ ಜ್ಯೂರಿ ನಿರ್ದೋಷಿ ಅಂತು, ವಕೀಲ ಥಾಮಸ್ ಎರ್ಸ್ಕಿನ್ ವಾದ ಗೆದ್ದಿತ್ತು. ಜನ ಹಾರ್ಡಿ ಕೂತಿದ್ದ ಗಾಡಿನ ತಾವೇ ಎಳ್ಕೊಂಡು ಹೋದ್ರು, ಅವ್ರ ಖಾಲಿ ಅಂಗಡಿ ಮುಂದೆ ಸುಮ್ನೆ ನಿಂತ್ರು. ಹಾರ್ಡಿ ಅಲ್ಲಿಂದ ಲಿಡಿಯಾ ಸಮಾಧಿ ಹತ್ರ ಹೋದ್ರು.

ಆಮೇಲೆ ಮತ್ತೆ ಬೂಟ್ ಅಂಗಡಿ. 1832 ಜೂನಲ್ಲಿ ರಿಫಾರ್ಮ್ ಆಕ್ಟ್, ಅಂದ್ರೆ ಪಾರ್ಲಿಮೆಂಟ್ ಸುಧಾರಣೆ ಕಾಯ್ದೆ, ಪಾಸಾಗಿ ಮ್ಯಾಂಚೆಸ್ಟರ್‌ಗೆ ಎಂಪಿಗಳು ಸಿಕ್ಕಿದ್ರು. ಅದೇ ಅಕ್ಟೋಬರಲ್ಲಿ 80ನೇ ವಯಸ್ಸಿಗೆ ಹಾರ್ಡಿ ಹೋದ್ರು. ಕೂಲಿ ಮಾಡೋ ಹೆಚ್ಚಿನವ್ರಿಗೆ ಆಗ್ಲೂ ಓಟಿರ್ಲಿಲ್ಲ.